ಪ್ರದರ್ಶನದಾಗ ಹಾಸಿದ ಕಂಬಳಿ

ಭರಮವ್ವ ಅಂಗಳದ ಹಗ್ಗದ ಮೇಲೆ ಕಂಬಳಿ ಹರವಿ ಕೋಲಿನಿಂದ ಬಡಿಯುತ್ತಿದ್ದಳು. ಒಂದೊಂದು ಏಟಿಗೂ ಧೂಳೆದ್ದು ಬಾಜು ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಹೋಗಿ ಕೂಡುತ್ತಿತ್ತು. ಆ ಮನೆಯೊಳಗಿಂದ ಯಾರೋ ಕೆಮ್ಮಿದರು. ಅದು ಬೈಗುಳದ ಕೆಮ್ಮು ಎಂದು ಭರಮವ್ವನಿಗೆ ತಿಳಿಯಿತು. ತಿಳಿದರೂ ತಿಳಿಯದವಳಂತೆ ಮತ್ತೆರಡು ಏಟು ಹಾಕಿದಳು.

ಕರೀ ಉಣ್ಣೆಯ ಕಂಬಳಿ ಅದು. ಗಂಡ ರಾಯಪ್ಪನ ತಂದೆ ತಮ್ಮ ಕುರಿಗಳದೇ ಉಣ್ಣೆ ಕತ್ತರಿಸಿ ನೇಯಿಸಿದ್ದು. ಆ ಮನೆಯ ಮದುವೆಗಳೆಲ್ಲ ಅದರ ಮೇಲೆಯೇ ಆಗಿದ್ದವು. ರಾಯಪ್ಪ ತೀರಿಕೊಂಡ ಮೇಲೆ ಕುರಿ ಹೋದವು, ಕಂಬಳಿ ಉಳಿಯಿತು.

ಬಾಗಿಲಲ್ಲಿ ಸೊಸೆ ಪ್ರಮಿಳಾ ನಿಂತಿದ್ದಳು. "ಅತ್ತಿ, ಒಯ್ಯೂದು ಒಯ್ರಿ. ತಿರುಗಿ ತರಬ್ಯಾಡ್ರಿ. ಆ ಮೂಲ್ಯಾಗ ಫ್ರಿಜ್ಜ ಬಂತು."

"ನಾ ತಿರುಗಿ ಬಂದ್ರ ಅಡ್ಡಿಲ್ಲೇನ?"

"ನೀವು ಬರ್ರಿ. ಸಂಜೀಕ ಬರ್ರಿ."

ಭರಮವ್ವ ನಕ್ಕಳು. ಸೊಸೆ ಕೆಟ್ಟವಳಲ್ಲ, ಮನೆ ಸಣ್ಣದು. ಅದಕ್ಕೇ ಅವಳು ದಿನಾ ಮಧ್ಯಾಹ್ನ 'ಹಳೇ ಸಾಮಾನಿನ ಖೋಲಿ'ಗೆ ಹೋಗಿ ಕೂಡುತ್ತಿದ್ದಳು. ಖಾನಾಪುರದ ಜನ ಕೂಡಿ ಮಾಡಿದ ವಸ್ತುಸಂಗ್ರಹಾಲಯಕ್ಕೆ ಊರವರು ಇಟ್ಟ ಹೆಸರು ಅದು. ಯಾರ ಯಾರದೋ ಅಟ್ಟದಿಂದ ಇಳಿದ ಬೀಸುವ ಕಲ್ಲು, ಉಣ್ಣೆ ನೂಲುವ ಕದರು, ತಾಮ್ರದ ಹಂಡೆ ಎಲ್ಲ ಅಲ್ಲಿದ್ದವು. ಬಾಗಿಲ ಪಕ್ಕ ಒಂದು ಕುರ್ಚಿಯಿತ್ತು, ಅದು ಭರಮವ್ವನದು. ಮಕ್ಕಳು ಹಂಡೆಯೊಳಗೆ ಇಳಿಯದಂತೆ ನೋಡಿಕೊಳ್ಳುವುದು ಅವಳ ಕೆಲಸ. ಹೊತ್ತು ಹೋಗುತ್ತಿತ್ತು, ಮಾತಿಗೆ ಜನ ಸಿಗುತ್ತಿದ್ದರು.

ಆದರೆ ಖೋಲಿ ಮಾತ್ರ ತಮ್ಮದಲ್ಲ. ಅದು ಬೆಳಗಾವಿಯ ಒಂದು ರೈತರ ಸಂಘದ್ದು, ಹಿಂದೆ ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರು. ಸಂಘದವರು ಒಪ್ಪಿಗೆ ಕೊಡದಿದ್ದರೆ, ನಾಳೆಯಿಂದ ಊರವರಿಗೆಂದು ಇಡಲಿದ್ದ ಪ್ರದರ್ಶನ ಮುಗಿದ ಮರುದಿನ ಬೀಗದ ಕೈ ತಿರುಗಿ ಕೊಡಬೇಕು. ಕಂಬಳಿ, ಕದರು, ಕುರ್ಚಿ ಎಲ್ಲ ಬೀದಿಗೆ. ಎಲ್ಲವನ್ನೂ ನಡೆಸುತ್ತಿದ್ದ ಶಶಿಧರ ಮಾಸ್ತರರನ್ನು ಅವಳು ದಸರೆಯಿಂದ ಕೇಳುತ್ತಲೇ ಇದ್ದಳು. ಬೆಳಗಾವಿಯ ವಡಗಾವಿಯಿಂದ ದಿನಾ ಬಂದು ಖಾನಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವ ಮನುಷ್ಯ ಅವರು.

"ಅರ್ಜಿ ಹೋಗೇತ್ರಿ ಆಯಿ. ಜವಾಬು ಬರೂದೊಂದು ಬಾಕಿ," ಎನ್ನುತ್ತಿದ್ದರು. ಈಗ ಹೋಳಿಯೂ ಮುಗಿದಿತ್ತು.

ಖೋಲಿಗೆ ತಂದ ಕಂಬಳಿ ಕಂಡ ಕೂಡಲೇ ಮಾಸ್ತರು ಸುತ್ತಿಗೆ, ಮೊಳೆ ಹಿಡಿದು ಗೋಡೆಯ ಮೇಲೆ ಜಾಗ ಹುಡುಕಿದರು.

"ಅದಕ್ಕ ಮೊಳೆ ಹೊಡೀತೀರಿ? ಮೊದಲ ನಿಮ್ಮ ಅಂಗಿಗೆ ಹೊಡ್ಕೊಳ್ರಿ, ಹೆಂಗ ಕಾಣತೈತಿ ನೋಡೂಣು," ಅಂದಳು ಭರಮವ್ವ.

ಕೊನೆಗೆ ಗಿಡ್ಡ ಹಲಗೆಯ ಕಟ್ಟೆಯೊಂದನ್ನು ನಡುವೆ ಇಟ್ಟು ಅದರ ಮೇಲೆ ಕಂಬಳಿ ಹಾಸಿದರು. ಮಾಸ್ತರು ಪಕ್ಕದಲ್ಲಿ ಚೀಟಿ ಇಟ್ಟು ಆಚೆ ಹೋದರು. ಬರೀ ಕಂಬಳಿ ಭರಮವ್ವನ ಕಣ್ಣಿಗೆ ಕುಂಕುಮವಿಲ್ಲದ ಹಣೆಯಂತೆ ಕಂಡಿತು. ಹಾಸಿದ ಕಂಬಳಿಯ ಮೇಲೆ ಭಂಡಾರ ಹಾಕುವುದು ಅವಳ ಕೈಗೆ ರೂಢಿ. ಕೈ ತಾನಾಗಿ ಟೊಂಕದ ಸಂಚಿಗೆ ಹೋಯಿತು. ಒಂದು ಹಿಡಿ ಅರಿಷಿಣದ ಪುಡಿ ನಡುವೆ ಬಿತ್ತು. ಅಷ್ಟೇ. ಮುಂದಿನದು ಅವಳಿಗೆ ಹೊಳೆದಿರಲಿಲ್ಲ.

ಮರುದಿನ ಸಂತೆ. ಕಾಯಿಪಲ್ಲೆ ಚೀಲ ಹಿಡಿದು ಒಳಬಂದ ಹಳ್ಳಿ ಜನ ಭಂಡಾರ ನೋಡಿದ್ದೇ ಹಿಂದೆ ಸರಿದು ಚಪ್ಪಲಿ ಬಿಟ್ಟರು, ಬಗ್ಗಿ ಕೈ ಮುಗಿದರು. ಒಬ್ಬಾಕೆ ತೆಂಗಿನಕಾಯಿ ಇಟ್ಟಳು. ಊರ ಶಾಲೆಯ ಕಾಂತಾ ಟೀಚರು ಬರೆದ, ಬೆಳಗಾವಿ ದಂಡಿನ ಕ್ಯಾಂಪಿನ ಹಳೇ ಬಂಗಲೆಗಳ ಚಿತ್ರಗಳು ಗೋಡೆಯ ಮೇಲೆ ಚಂದಾಗಿ ತೂಗುತ್ತಿದ್ದವು. ಜನ ಅವಕ್ಕೆ ಬೆನ್ನು ಕೊಟ್ಟು ನಿಂತರು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲ ಹೊರಗೆ ಚಪ್ಪಲಿಯ ರಾಶಿ ಬಿತ್ತು.

"ಆಯಿ, ಜನ ಭಾಳ ಬರಾಕತ್ತಾರ," ಮಾಸ್ತರ ಮುಖ ಅರಳಿತ್ತು.

ಆ ಅರಳಿದ ಮುಖ ಒಂದು ರಾತ್ರಿ ಉಳಿಯಿತು. ಮರುದಿನ ಮುತ್ತಪ್ಪ, ಸಿದರಾಯ ಎಂಬ ಅಣ್ಣತಮ್ಮರು ಬಂದು ಕಂಬಳಿಯ ಆ ತುದಿಗೊಬ್ಬ, ಈ ತುದಿಗೊಬ್ಬ ಕೂತರು. ಭಂಡಾರದ ಕಂಬಳಿಯ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ. ಕುರಿಯವರ ಮನೆಗಳಲ್ಲಿ ಇದು ಹಾಲುಣ್ಣುವ ಕೂಸಿಗೂ ಗೊತ್ತು.

"ಕೇಳ್ರಿ ಯವ್ವಾ," ಅಂದ ಮುತ್ತಪ್ಪ. "ನನ್ನ ಹೆಂಡ್ತಿ ಹೊಸ ಸೀರಿ ಇವನ ಹೋತ ತಿಂದೈತಿ. ಇವ ಬ್ಯಾರೆ ಯಾರದೋ ಹೋತ ಅಂತಾನ."

ಸಿದರಾಯ ಭಂಡಾರದ ಕಡೆ ನೋಡಿದ. ಕತ್ತು ತುರಿಸಿಕೊಂಡ. "ನಂದ ಹೋತರಿ."

"ಸೆರಗಷ್ಟ ತಿಂದಿತ್ತು," ಅಂದ ಮುತ್ತಪ್ಪ, ಸ್ವಲ್ಪ ಮೆತ್ತಗಾಗಿ.

"ಇಲ್ಲಣ್ಣಾ. ಕುಬಸಾನೂ ತಿಂದೈತಿ. ಅದು ನಿಮಗಿನ್ನಾ ಗೊತ್ತಾಗಿಲ್ಲ."

ಸುದ್ದಿ ಹಬ್ಬಿತು. ಎಮ್ಮೆ, ಬದು, ಕಟ್ಟಿಗೆ, ಸೊಸೆ, ಒಂದೊಂದೇ ನ್ಯಾಯ ಒಳಗೆ ಬಂತು. ಮಾಸ್ತರು ತಲೆ ಹಿಡಿದುಕೊಂಡರು.

"ಆಯಿ, ಇದು ಪ್ರದರ್ಶನರಿ, ಪಂಚಾಯ್ತಿ ಕಟ್ಟಿ ಅಲ್ಲ. ಆ ಭಂಡಾರ ತಗದಬಿಡ್ರಿ."

"ಹಾಕೂದು ಗೊತ್ತೈತಿ ಮಾಸ್ತರ. ತಗಿಯೂದು ಯಾರೂ ಕಲಿಸಿಲ್ಲ ನನಗ."

ತಾನು ಮಾಡಿದ ಗದ್ದಲಕ್ಕೆ ಅವಳಿಗೂ ನಾಚಿಕೆಯಾಗಿತ್ತು. ಆದರೆ ಒಂದು ಸಂಗತಿ ಅವಳ ಕಣ್ಣಿಗೆ ಬಿದ್ದಿತ್ತು. ಮಾಸ್ತರು ಆ ಕಂಬಳಿಯ ಹತ್ತಿರ ಹಾಯುತ್ತಿರಲಿಲ್ಲ. ಹೆಗಲ ಚೀಲ ಎದೆಗೆ ಅವುಚಿಕೊಂಡು ಗೋಡೆ ಹಿಡಿದು ಸುತ್ತಿ ಹೋಗುತ್ತಿದ್ದರು. ಪೇಟೆಯವರು, ಉಣ್ಣೆಗೆ ಮೈ ತುರಿಸುತ್ತದೆಂದು ಹೆದರುತ್ತಾರೆ ಪಾಪ, ಎಂದುಕೊಂಡಿದ್ದಳು.

ಕೊನೆಯ ದಿನದ ಸಮಾರಂಭಕ್ಕೆ ರೈತರ ಸಂಘದ ಅಧ್ಯಕ್ಷ ಗುರುಪುತ್ರಪ್ಪ ಸಾಹೇಬರು ಬೆಳಗಾವಿಯ ಬಸ್ಸಿನಲ್ಲಿ ಬಂದಿಳಿದರು. ಹಾರ ಹಾಕುತ್ತೇವೆ ಎಂದರೆ ಎಲ್ಲಿಗಾದರೂ ಬರುವ ಮನುಷ್ಯ. ತೂಕವೂ ಇತ್ತು. ಕುರ್ಚಿಗಳನ್ನು ಮುದುಕರು ಹಿಡಿದಿದ್ದರು. ಸಾಹೇಬರು ಸುತ್ತ ನೋಡಿದರು. ನಡುವೆ ಕಟ್ಟೆ, ಕಟ್ಟೆಯ ಮೇಲೆ ಕಂಬಳಿ, ಕಾಯಿ. ತಮಗೇ ಮಾಡಿದ ಏರ್ಪಾಡೆಂದು ತಿಳಿದು, ಬೂಟು ಬಿಟ್ಟು, ಉಸ್ಸಪ್ಪಾ ಎಂದು ಮೇಲೆ ಕೂತರು.

ಜನ ಕಂಬಳಿಯ ಸುತ್ತ ಒತ್ತಿ ಬಂದರು.

"ಸಾಹೇಬ್ರು ಕಂಬಳಿ ಮ್ಯಾಲ ಕುಂತ್ರು," ಅಂದ ಹಿಂದಿನಿಂದ ಮುತ್ತಪ್ಪ. "ಇನ್ನ ಕೇಳ್ರಿ ಯವ್ವಾ."

ಸಾಹೇಬರು ಕೆಳಗೆ ನೋಡಿದರು. ಧೋತರಕ್ಕೆ ಹಳದಿ ಹತ್ತಿತ್ತು. ಹಳ್ಳಿಯಲ್ಲೇ ಬೆಳೆದವರು, ತಿಳಿಸಿ ಹೇಳಬೇಕಾಗಲಿಲ್ಲ. "ಎದ್ರ ನಡೀತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಕೇಳೂದು ಮುಗಿಯೂ ತನಕ ನಡಿಯಂಗಿಲ್ರಿ," ಎಂದಳು ಭರಮವ್ವ. ನಾಳೆಗೆ ಕುರ್ಚಿ ಇಲ್ಲ, ಮೂಲೆಯೂ ಇಲ್ಲ. ಇಂದು ಕೇಳದಿದ್ದರೆ ಇನ್ನೆಂದು ಕೇಳುವುದು. "ಈ ಖೋಲಿ ಸಲುವಾಗಿ ಅರ್ಜಿ ಬಂದು ಎಷ್ಟ ದಿವ್ಸ ಆತು? ಅದನ್ಯಾಕ ಮುಚ್ಚಿ ಇಟ್ಟೀರಿ ಸಾಹೇಬ್ರ?"

"ಯಾ ಅರ್ಜಿ?"

"ಕಂಬಳಿ ಮ್ಯಾಲ ಅದೀರಿ."

"ಅದೀನಂತನ ಹೇಳಾಕತ್ತೀನಿ. ಭಂಡಾರದಾಣಿ, ನಮ್ಮ ಆಫೀಸಿಗೆ ಯಾವ ಅರ್ಜಿನೂ ಬಂದಿಲ್ಲ. ಬಂದಿದ್ರ ಎಂದೋ ಸಹಿ ಹಾಕ್ತಿದ್ದೆ. ಗೊಬ್ಬರಕ್ಕ ಬ್ಯಾರೆ ಗೋದಾಮ ಕಟ್ಟೇವಿ, ಈ ಖೋಲಿ ತಗೊಂಡ ನಾ ಏನ ಮಾಡ್ಲಿ?"

ಕೂಡಿದ ಜನರ ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ಶಶಿಧರ ಮಾಸ್ತರು ಕಾಂತಾ ಟೀಚರರ ಬಂಗಲೆಯ ಚಿತ್ರದ ಪಕ್ಕ, ಅದರೊಳಗೆ ಬಾಗಿಲಿದ್ದರೆ ಹೊಕ್ಕುಬಿಡುವವರಂತೆ ನಿಂತಿದ್ದರು.

"ಬರ್ರಿ ಮಾಸ್ತರ. ಕುಂದರ್ರಿ."

"ಇಲ್ಲೇ ನಿಂತು ಹೇಳ್ತೀನ್ರಿ ಆಯಿ."

"ನಿಂತು ಭಾಳ ಸಲ ಹೇಳೀರಿ."

ಮಾಸ್ತರು ಚಪ್ಪಲಿ ಬಿಟ್ಟರು. ಸಾಹೇಬರು ಒಂದಿಷ್ಟು ಸರಿದು ಜಾಗ ಕೊಟ್ಟರು. ಕೂತ ಮಾಸ್ತರು ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ತೊಡೆಯ ಮೇಲಿಟ್ಟರು.

"ಅರ್ಜಿ ಹಾಕಿಲ್ರಿ," ಎಂದರು. "ಬರಿಯೂದ ಇನ್ನಾ ಮುಗದಿಲ್ಲ. ಬರೀ ಖೋಲಿ ಕೇಳಿದ್ರ ಚಂದ ಕಾಣಂಗಿಲ್ಲ ಅಂತ ಈ ಊರಿನ ಇತಿಹಾಸ ಒಂದಿಷ್ಟ ಹಾಕೂಣು ಅಂದೆ. ಹಲಸಿ ಕದಂಬರಿಂದ ಸುರು ಮಾಡೀನಿ."

"ಈಗ ಎಲ್ಲಿಗೆ ಬಂದೀರಿ?" ಸಾಹೇಬರು ಕುತೂಹಲದಿಂದ ಕೇಳಿದರು.

"ಪೇಶವೆಯವರ ತನಕ ಬಂದೀನ್ರಿ."

"ಖೋಲಿ?"

"ಖೋಲಿ ಇನ್ನಾ ಕಟ್ಟಿಲ್ರಿ."

ಮೊದಲು ನಕ್ಕವನು ಸಿದರಾಯ. ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ಭರಮವ್ವನಿಗೆ ಸಿಟ್ಟು ಬರಬೇಕಿತ್ತು. ಆದರೆ ಮಾಸ್ತರ ಕೆಂಪಾದ ಕಿವಿಗಳನ್ನು ನೋಡಿ ಅವಳಿಗೂ ನಗು ಬಂತು.

"ಹೊಸಾ ಹಾಳಿ ತಗೀರಿ ಮಾಸ್ತರ. ಖೋಲಿ ನಮಗ ಬೇಕು ಅಂತ ಬರೀರಿ."

"ಅಷ್ಟನ?"

"ಯಾ ಊರು, ಯಾ ಖೋಲಿ ಅಂತನೂ ಹಾಕ್ರಿ ಮತ್ತ," ಎಂದರು ಸಾಹೇಬರು. "ನಮ್ಮವು ಬ್ಯಾರೆ ಖೋಲಿನೂ ಅದಾವ."

ಮಾಸ್ತರು ಕಂಬಳಿಯ ಮೇಲೆ ಕೂತೇ ಬರೆದರು. ಎರಡು ಸಲ ಪೆನ್ನು ನಿಲ್ಲಿಸಿ ಚಾವಣಿ ನೋಡಿದರು, ಎರಡೂ ಸಲ ಭರಮವ್ವ ಕೆಮ್ಮಿದಳು. ಬಾಜು ಮನೆಯವರಿಂದ ಕಲಿತ ಕೆಮ್ಮು ಅದು. ಕೆಳಗೆ ಮಾಸ್ತರ ಸಹಿ ಬಿತ್ತು. ಹಾಳೆಯ ಮೂಲೆಗೆ ಭಂಡಾರ ಹತ್ತಿದ ಹೆಬ್ಬೆರಳಿನ ಹಳದಿ ಗುರುತೂ ಬಿತ್ತು. ಮಾಸ್ತರು ಅದನ್ನು ಮಡಚಿ ಪಕ್ಕದಲ್ಲೇ ಕೂತಿದ್ದ ಸಾಹೇಬರಿಗೆ ಚಾಚಿದರು.

ಸಾಹೇಬರು ಎರಡೂ ಕೈ ಹಿಂದೆ ತೆಗೆದುಕೊಂಡರು. "ಕೈಯಾಗ ಇಸ್ಕೊಳ್ಳಾಕ ಬರಂಗಿಲ್ರಿ. ಟಪಾಲಿನಾಗ ಬರಬೇಕು, ಆಫೀಸಿನಾಗ ಬಂದ ಕಾಗದಕ್ಕ ಆವಕ ನಂಬರ ಬೀಳಬೇಕು."

"ಅಧ್ಯಕ್ಷರು ಇಲ್ಲೇ ಅದೀರಲ್ರಿ," ಅಂದಳು ಭರಮವ್ವ.

"ಇಲ್ಲಿ ನಾ ಕರದ್ರ ಬಂದ ಪಾವಣ್ಯಾ. ಅಧ್ಯಕ್ಷ ಬೆಳಗಾವ್ಯಾಗ ಇರ್ತಾನು."

"ಬಂದ್ರ ಸಹಿ ಮಾಡ್ತೀರಿ?"

ಸಾಹೇಬರು ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡರು. "ಬಂದ ದಿವ್ಸನ ಮಾಡ್ತೀನಿ. ಈಗರ ಏಳ್ಲ್ಯಾ?"

"ಏಳ್ರಿ ಸಾಹೇಬ್ರ. ಹಾರ ಹಾಕೂದೈತಿ."

ಹಾರ, ಚಹಾ ಮುಗಿದ ಮೇಲೆ ಎಲ್ಲರೂ ಸಾಹೇಬರನ್ನು ಕಳಿಸಲು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅರ್ಜಿಯ ಲಕೋಟೆಯನ್ನು ಭರಮವ್ವ ತಾನೇ ಹಿಡಿದಿದ್ದಳು. ದಾರಿಯಲ್ಲಿದ್ದ ಟಪಾಲು ಕಚೇರಿಯಲ್ಲಿ ಬೆಳಗಾವಿಗೆ ಹೋಗುವ ಸಂಜೆಯ ಚೀಲ ಇನ್ನೇನು ಕಟ್ಟುವವರಿದ್ದರು. ಅಲ್ಲಿ ಮಾಸ್ತರು ಅವಳ ಕೈ ಹಿಡಿದರು.

"ಆಯಿ, ಒಂದ ಸಾಲು ತಿದ್ದಿ ಕೊಡಲ್ಯಾ? ಬರೇ ಒಂದು."

"ಕದಂಬರಾ?"

ಮಾಸ್ತರು ಕೈ ಬಿಟ್ಟರು. ಭರಮವ್ವ ಲಕೋಟೆ ಒಳಗೆ ಕೊಟ್ಟಳು. ಅದಕ್ಕೆ ಠಪ್ಪೆಂದು ಟಪಾಲು ಮುದ್ರೆ ಬೀಳುವ ಸದ್ದು ಕೇಳುವ ತನಕ ಕಿಟಕಿ ಬಿಟ್ಟು ಕದಲಲಿಲ್ಲ.

ಬೆಳಗಾವಿಯ ಬಸ್ಸು ನಿಂತಿತ್ತು. ಸಾಹೇಬರು ಕಿಟಕಿಯ ಹತ್ತಿರ, ಕೊರಳ ಹಾರದ ಸಮೇತ ಕೂತಿದ್ದರು. ಟಪಾಲಿನವನು ಭಂಡಾರ ಹತ್ತಿದ ಆ ಅರ್ಜಿಯಿದ್ದ ಚೀಲ ತಂದು ಇಡಲು ಜಾಗ ಹುಡುಕಿ, ಕೊನೆಗೆ ಅವರ ಸೀಟಿನ ಕೆಳಗೇ ತುರುಕಿದ. ಸಾಹೇಬರು ಬಗ್ಗಿ ಚೀಲ ನೋಡಿದರು, ಹೊರಗೆ ನಿಂತ ಭರಮವ್ವನನ್ನು ನೋಡಿದರು, ಬೂಟು ಬಿಚ್ಚಿ ಬದಿಗಿಟ್ಟರು. ಬಸ್ಸು ಹೊರಟಾಗ ಅವರು ಎರಡೂ ಕಾಲು ಸೀಟಿನ ಮೇಲೆ ಮಡಚಿ ಇಟ್ಟುಕೊಂಡಿದ್ದರು.