ಎದೆಮೂಳೆಯ ಮೇಲಿನ ಚುಕ್ಕೆ

ಮಧ್ಯಾಹ್ನದ ನಮಾಜಿಗೆಂದು ಬುರುಲ್ಚಾ ಕೈಕಾಲು ಮುಖ ತೊಳೆದು ತಲೆವಸ್ತ್ರ ಸರಿಪಡಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ನರ್ಸ್ ಜಿಪಾರ ಬಾಗಿಲು ತಳ್ಳಿಕೊಂಡು ಬಂದಳು. ಆಸ್ಪತ್ರೆಯವರೆಲ್ಲ ಬುರುಲ್ಚಾಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಎಜೆ, ಡಾಕ್ಟರು ಕರೀತಿದಾರೆ. ಈಗಲೇ ಬರ್ಬೇಕಂತೆ."

"ನಮಾಜು ಮುಗಿಸಿ ಬರ್ತಾರೆ ಅಂತ ಹೇಳು."

"ಹೇಳಿದೆ. ದೇವರು ಕಾಯ್ತಾನೆ, ಸರ್ಜನ್ ಕಾಯಲ್ಲ ಅಂದ್ರು."

ಬುರುಲ್ಚಾ ಒಮ್ಮೆ ಮೇಲೆ ನೋಡಿದಳು. "ಕೇಳಿಸಿಕೊಂಡೆಯಲ್ಲ, ನಾನು ಆಡಿದ ಮಾತಲ್ಲ ಇದು" ಎಂದು ಮನಸ್ಸಿನಲ್ಲೇ ದೇವರಿಗೆ ತಿಳಿಸಿ, ಬಿಳಿ ಕೋಟು ಹಾಕಿಕೊಂಡು ಹೊರಟಳು.

ನರೀನ್ ಎಂಬ ಬೆಟ್ಟದೂರಿನ ಆ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಗಾಮಾ ಕ್ಯಾಮೆರಾ, ಅದನ್ನು ನೋಡಿಕೊಳ್ಳುವ ಭೌತವಿಜ್ಞಾನಿಯೂ ಒಬ್ಬಳೇ. ರೋಗಿಯ ರಕ್ತನಾಳಕ್ಕೆ ಒಂದಿಷ್ಟು ಟೆಕ್ನೀಷಿಯಂ ಎಂಬ ವಿಕಿರಣದ ಮದ್ದು ಚುಚ್ಚುತ್ತಾರೆ. ಅದು ಮೈಯೊಳಗೆ ರೋಗವಿದ್ದ ಕಡೆ ಹೆಚ್ಚಾಗಿ ಹೋಗಿ ಸೇರುತ್ತದೆ. ಅಲ್ಲಿಂದ ಹೊರಡುವ ಕಿರಣಗಳನ್ನು ಕ್ಯಾಮೆರಾ ಹಿಡಿದು ಚಿತ್ರ ಮಾಡಿ ತೋರಿಸುತ್ತದೆ. ಅದರ ಅಗಲವಾದ ಕಣ್ಣಿನಲ್ಲಿ ಒಂದು ಮೂಲೆ ಹೆಚ್ಚು ಕಂಡರೂ ಕಡಿಮೆ ಕಂಡರೂ ಗಟ್ಟಿ ಮೂಳೆ ರೋಗದ ಮೂಳೆಯಾಗಿಬಿಡುತ್ತದೆ, ರೋಗದ ಮೂಳೆ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ದಿನಾ ಬೆಳಗ್ಗೆ ಮೊದಲ ರೋಗಿ ಬರುವ ಮುಂಚೆ ಬುರುಲ್ಚಾ ಆ ಕಣ್ಣಿಗೆ ಎಲ್ಲ ಕಡೆಯೂ ಸಮನಾದ ಕಿರಣ ತೋರಿಸಿ, ಚಿತ್ರವೂ ಸಮನಾಗಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಳು. "ನಮ್ಮ ಎಜೆ ಯಂತ್ರದ ಕೈಲೂ ಬೆಳಗಿನ ನಮಾಜು ಮಾಡಿಸ್ತಾರೆ" ಎಂದು ಆಸ್ಪತ್ರೆಯವರು ನಗುತ್ತಿದ್ದರು. ನಗಲಿ. ಆ ದಿನ ಬೆಳಗ್ಗೆಯೂ ಪರೀಕ್ಷೆ ಮಾಡಿದ್ದಳು, ಚಿತ್ರ ಹೊಸ ಉಣ್ಣೆಗಂಬಳಿಯ ಹಾಗೆ ಒಂದೇ ಸಮ ಬಂದಿತ್ತು.

ಗಾಜಿನ ಗೋಡೆಯ ಈಚೆ ಡಾಕ್ಟರ್ ಎರ್ಮೆಕ್ ಪರದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಆಚೆ ಮಂಚದ ಮೇಲೆ ಕಾಲಿಪಾ ಎಂಬ ಮುದುಕಿ ಮಲಗಿದ್ದಳು; ವಯಸ್ಸಾದವಳೆಂದು ಎಲ್ಲರೂ ಅಪಾ, ಅಂದರೆ ಅಮ್ಮ, ಎನ್ನುತ್ತಿದ್ದರು. ಅತ್-ಬಾಶಿಯ ಕಡೆಯವಳು, ಕಂಬಳಿ ಹೊಲಿದು ಹೊಲಿದು ಬೆರಳು ಸೊಟ್ಟಗಾದವಳು. ಸ್ತನದಲ್ಲಿ ಗಂಟು. ತಿಂಗಳಿಗೊಮ್ಮೆ ಕಣಿವೆ ದಾಟಿ ಬರುವ ಸರ್ಜನ್ ಮರುದಿನ ಅವಳಿಗೆ ಆಪರೇಷನ್ ಮಾಡಬೇಕಾಗಿತ್ತು. ರೋಗ ಮೂಳೆಗೆ ಇಳಿದಿರದಿದ್ದರೆ ಮಾತ್ರ. ಇಳಿದಿದ್ದರೆ ಕತ್ತಿ ಮುಟ್ಟುವುದಿಲ್ಲ, ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತೇನೆ ಎಂದು ಆತ ಮೊದಲೇ ಹೇಳಿದ್ದ.

"ನೋಡಿ ಎಜೆ. ಇಳಿದಿದೆ" ಎಂದ ಎರ್ಮೆಕ್.

ಪರದೆಯ ಮೇಲೆ ಪಕ್ಕೆಲುಬುಗಳು ತೆಳ್ಳಗೆ ಕಾಣುತ್ತಿದ್ದವು. ನಡುವೆ ಎದೆಮೂಳೆಯ ಮೇಲೆ ಒಂದು ಹೊಳೆಯುವ ಚುಕ್ಕೆ.

"ಇನ್ನೊಂದು ಚಿತ್ರ ತೆಗೆದಿದೀಯಾ?"

"ಸೊಂಟದ್ದು ತೆಗೆದಿದೀನಿ. ಬೆನ್ನುಮೂಳೆಯ ಬುಡದಲ್ಲೂ ಒಂದಿದೆ. ಎರಡು ಕಡೆ ಆಯ್ತಲ್ಲ, ಇನ್ನೇನು ಬೇಕು?"

ಬುರುಲ್ಚಾ ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. "ಎರಡೂ ಚುಕ್ಕೆ ಚೌಕಟ್ಟಿನ ಒಂದೇ ಜಾಗದಲ್ಲಿವೆ, ತಮ್ಮಾ."

"ಎದೆಮೂಳೆ ನಡುವೆ ಇರುತ್ತೆ, ಬೆನ್ನುಮೂಳೆನೂ ನಡುವೆ ಇರುತ್ತೆ. ದೇವರು ಹಾಗೆ ಮಾಡಿದಾನೆ. ನಾನೇನು ಮಾಡ್ಲಿ?"

"ದೇವರನ್ನ ಬಿಡು, ಅಪಾನ ಒಂದು ಗೇಣು ಈ ಕಡೆ ಸರಿಸು."

"ಎಜೆ, ಬೆಳಗ್ಗೆ ತಾನೆ ಪರೀಕ್ಷೆ ಮಾಡಿದ್ರಿ! ನೀವೇ ತಾನೆ ಸರಿಯಿದೆ ಅಂದದ್ದು?"

"ಬೆಳಗ್ಗೆ ಸರಿಯಿತ್ತು. ಬೆಳಗ್ಗೆ ನೀನೂ ಹಸನ್ಮುಖಿಯಾಗಿದ್ದೆ."

ಜಿಪಾರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಎರ್ಮೆಕ್ ಗೊಣಗುತ್ತ ಎದ್ದುಹೋಗಿ ಮುದುಕಿಯನ್ನು ಒಂದು ಗೇಣು ಸರಿಸಿ ಬಂದ. ಪಕ್ಕೆಲುಬುಗಳು ಎಡಕ್ಕೆ ಹೋದವು. ಎದೆಮೂಳೆಯೂ ಅವುಗಳ ಜೊತೆಗೆ ಹೋಯಿತು. ಚುಕ್ಕೆ ಮಾತ್ರ ತನ್ನ ಜಾಗ ಬಿಟ್ಟು ಕದಲಲಿಲ್ಲ.

ಎರ್ಮೆಕ್ ಉಸಿರು ಬಿಟ್ಟ. "ಹಾಗಾದ್ರೆ ಕಾಯಿಲೆ ಯಂತ್ರಕ್ಕೆ, ಅಪಾಗಲ್ಲ. ದೇವರು ದೊಡ್ಡವನು. ಮೂಳೆ ಸರಿಯಿದೆ ಅಂತ ಬರೆದುಬಿಡ್ತೀನಿ."

"ಏನಂತ ಬರೀತೀಯಾ? ಯಂತ್ರ ಕೆಟ್ಟಿದೆ, ಅದು ತೋರಿಸಿದ್ದು ಮಾತ್ರ ಸರಿಯಿದೆ ಅಂತಲೇ?"

"ಅಯ್ಯೋ, ಎಜೆ!"

"ನಾನು ಬೆಳಗ್ಗೆ ಸರಿಯಿದೆ ಅಂದದ್ದು ಬೆಳಗಿನ ಕಣ್ಣಿಗೆ. ಈ ಕಣ್ಣಿಗೆ ಏನಾಗಿದೆಯೋ ನಂಗೆ ಗೊತ್ತಿಲ್ಲ. ಗೊತ್ತಾಗೋವರೆಗೆ ಇದು ಇದೆ ಅಂದ್ರೂ ನಂಬಲ್ಲ, ಇಲ್ಲ ಅಂದ್ರೂ ನಂಬಲ್ಲ."

ಯಂತ್ರ ಮಾರಿದವರ ಕಡೆಯ ಎಂಜಿನಿಯರಿಗೆ ಎರ್ಮೆಕ್ ಫೋನು ಮಾಡಿದ. ಆತ ಎಲ್ಲೋ ಊಟದ ನಡುವೆ ಇದ್ದ. ಮೊದಲು ಯಂತ್ರ ಆರಿಸಿ ಮತ್ತೆ ಹಚ್ಚಿ ನೋಡಿ ಎಂದ. ಆಮೇಲೆ, ಒಳಗಿನ ಯಾವುದೋ ಕೊಳವೆ ಹೋಗಿರಬೇಕು, ಮುಂದಿನ ತಿಂಗಳು ಬಂದು ನೋಡುತ್ತೇನೆ ಎಂದ. ಬುರುಲ್ಚಾ ಫೋನು ಕಿತ್ತುಕೊಂಡು, "ಕೊಳವೆ ಹೋದ್ರೆ ಕತ್ತಲಾಗುತ್ತಪ್ಪ, ಅಂಗೈಯಗಲ ಜಾಗ ಕತ್ತಲಾಗುತ್ತೆ. ಇಲ್ಲಿ ಹೊಳೀತಾ ಇದೆ. ನೀನು ಊಟ ಮಾಡು" ಎಂದು ಇಟ್ಟುಬಿಟ್ಟಳು.

ಕಾಲಿಪಾಳನ್ನು ಎಬ್ಬಿಸಿ ಹೊರಗೆ ಕೂರಿಸಿ ಚಹ ಕೊಟ್ಟರು. "ಏನಾಯ್ತು ಮಗಳೇ, ನನ್ನ ಮೂಳೆ ಅಷ್ಟು ಹಳೇದಾ?" ಎಂದು ಮುದುಕಿ ಕೇಳಿದಳು. "ನಿಮ್ಮ ಮೂಳೆಗೆ ಏನೂ ಅಂದಿಲ್ಲ ಅಪಾ, ಯಂತ್ರದ ಜೊತೆ ಜಗಳ" ಎಂದಳು ಬುರುಲ್ಚಾ. ಮುದುಕಿ ಚಹ ಕುಡಿಯದೆ ಬಟ್ಟಲನ್ನು ಹಿಡಿದೇ ಕುಳಿತಳು. ಬುರುಲ್ಚಾ ಅದನ್ನು ನೋಡಿಯೂ ನೋಡದವಳಂತೆ ಒಳಗೆ ಬಂದಳು.

ಮಂಚ ಖಾಲಿ. ಕೋಣೆಯಲ್ಲಿ ರೋಗಿಯಿಲ್ಲ, ಮದ್ದಿಲ್ಲ. ಬರಿ ಗಾಳಿಯ ಚಿತ್ರ ತೆಗೆದಳು. ಏನೂ ಕಾಣಬಾರದ ಕಡೆ ಅದೇ ಚುಕ್ಕೆ ಹಾಯಾಗಿ ಕುಳಿತಿತ್ತು. ದೊಡ್ಡದು ಮಾಡಿ ನೋಡಿದಾಗ ಅದು ಒಂದು ಚುಕ್ಕೆಯೂ ಅಲ್ಲ; ದೊಡ್ಡ ಹನಿಯೊಂದು, ಸುತ್ತ ಸಣ್ಣ ಸಣ್ಣ ಹನಿಗಳು, ಏನೋ ಸಿಡಿದ ಹಾಗೆ. ಕ್ಯಾಮೆರಾದ ಮುಖಕ್ಕೆ ಸಾವಿರಾರು ತೂತುಗಳ ಸೀಸದ ಫಲಕವೊಂದಿರುತ್ತದೆ. ಜಿಪಾರಳ ನೆರವಿನಿಂದ ಅದನ್ನು ಗಾಡಿಗೆ ಇಳಿಸಿ ಮತ್ತೆ ಚಿತ್ರ ತೆಗೆದಳು. ಚುಕ್ಕೆ ಮಾಯವಾಯಿತು.

"ಫಲಕದ ಮೇಲೆ ಕೂತಿದೆ" ಎಂದಳು ಬುರುಲ್ಚಾ. ಒದ್ದೆ ಹತ್ತಿಬಟ್ಟೆಯಿಂದ ಫಲಕವನ್ನು ಒರೆಸಿ, ಆ ಬಟ್ಟೆಯನ್ನು ವಿಕಿರಣ ಎಣಿಸುವ ಕೈಯಂತ್ರದ ಹತ್ತಿರ ಹಿಡಿದಳು. ಅದು ಬಾಣಲೆಯಲ್ಲಿ ಜೋಳ ಹುರಿದಂತೆ ಚಟಪಟ ಅಂದಿತು.

"ಯಾರು ಇಲ್ಲಿ ಮದ್ದು ಚೆಲ್ಲಿದ್ದು?"

"ನನ್ನ ನೋಡ್ಬೇಡಿ ಎಜೆ" ಎಂದಳು ಜಿಪಾರ. "ಸಿರಿಂಜು ಈ ಕೋಣೆಗೆ ಬರೋದೇ ಇಲ್ಲ. ಪಕ್ಕದ ಕೋಣೇಲಿ ಚುಚ್ಚಿ ಕಳಿಸ್ತೀನಿ."

"ಬೆಳಗ್ಗೆ ಪರೀಕ್ಷೆ ಆದ್ಮೇಲೆ ಯಾರು ಬಂದಿದ್ರು?"

"ಒಬ್ರೇ. ಕೊಚ್ಕೋರಿನ ಗಳಗಂಡದ ಅಜ್ಜಿ. ಕತ್ತಿನ ಚಿತ್ರ ತೆಗೆದ್ವಿ, ಎದ್ದು ಹೋದ್ರು. ಪಾಪ, ಏನೂ ಮುಟ್ಟಲಿಲ್ಲ." ಜಿಪಾರಳಿಗೆ ಏನೋ ನೆನಪಾಯಿತು. ಕಣ್ಣು ಅಗಲವಾಯಿತು. "ಮುಟ್ಟಲಿಲ್ಲ ಎಜೆ. ಆದ್ರೆ..."

"ಆದ್ರೆ?"

"ನೀವೇ ಅಲ್ವಾ ಅವರ ಮುಂದೆ ಹೇಳಿದ್ದು? ಇಂಥ ಯಂತ್ರ ಈ ಸೀಮೆಲೇ ಇನ್ನೊಂದಿಲ್ಲ, ಬಂದಾಗಿಂದ ಒಂದು ದಿನವೂ ಕೈಕೊಟ್ಟಿಲ್ಲ ಅಂತ? ನೀವು ಆ ಕಡೆ ಹೋದ್ರಿ. ಅಜ್ಜಿ ಗಾಬರಿಯಾಗಿ, ಇಷ್ಟು ಹೊಗಳಿದ್ರೆ ಕಣ್ಣು ತಾಗದೆ ಇರುತ್ತಾ ಅಂತ ಅದರ ಮುಖಕ್ಕೆ ಬಗ್ಗಿ, ತ್ಫೂ ತ್ಫೂ ತ್ಫೂ ಅಂದ್ರು."

ಬುರುಲ್ಚಾ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಗಳಗಂಡದವರಿಗೆ ಕೊಡುವ ಮದ್ದು ಗಂಟಲಿನ ಗ್ರಂಥಿಗೆ ಹೋಗುವಂತೆಯೇ ಎಂಜಲಿಗೂ ಬರುತ್ತದೆ. ಅಜ್ಜಿ ಯಂತ್ರಕ್ಕೆ ದೃಷ್ಟಿ ತೆಗೆಯಲು ಹೋಗಿ ವಿಕಿರಣವನ್ನೇ ಉಗುಳಿ ಹೋಗಿದ್ದಳು.

"ಸೀಸದ ಗೋಡೆ ಕಟ್ಟಿದೀವಿ, ಸೀಸದ ಬಾಗಿಲು ಇಟ್ಟಿದೀವಿ, ಕೈಗೆ ಗವಸು ಹಾಕ್ತೀವಿ. ಬಾಯಿಗೆ ಏನು ಹಾಕೋದು?" ಎಂದಳು. "ಕಣ್ಣು ತಾಗೋದನ್ನ ತಡೆಯೋನು ದೇವರು. ಜನರ ಉಗುಳಲ್ಲ. ಇದನ್ನ ಎಷ್ಟು ಸಲ ಹೇಳಿದರೂ..."

ಈ ಮಾತನ್ನು ಇದೇ ದನಿಯಲ್ಲಿ ಅವಳು ಗಂಡನಿಗೆ ಹೇಳುತ್ತಿದ್ದಳು. ಅಸನ್‌ಬೆಕ್ ದಿನಾ ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ ಹೊಸ್ತಿಲಲ್ಲಿ ನಿಂತು, ಅವಳ ಎಡ ಭುಜದ ಮೇಲೆ ತ್ಫೂ ತ್ಫೂ ತ್ಫೂ ಎಂದೇ ಕಳಿಸುತ್ತಿದ್ದ. ಇಷ್ಟು ಓದಿದ ಹೆಂಡತಿಯನ್ನು ಸುಮ್ಮನೆ ಬೀದಿಗೆ ಬಿಡಲಾಗುತ್ತದೆಯೇ ಎನ್ನುತ್ತಿದ್ದ. ಅವಳು ಬೈದುಕೊಂಡು, ಭುಜ ಒರೆಸಿಕೊಂಡು ಹೋಗುತ್ತಿದ್ದಳು. ಹಿಂದಿನ ವರ್ಷ ಮೊದಲ ಹಿಮ ಬಿದ್ದ ವಾರದಲ್ಲಿ ಅವನನ್ನು ಮಣ್ಣುಮಾಡಿ ಬಂದ ಮೇಲೆ, ಹೊಸ್ತಿಲು ದಾಟುವಾಗ ಅವಳು ಒಂದು ಗಳಿಗೆ ನಿಲ್ಲುತ್ತಿದ್ದಳು. ಯಾಕೆ ನಿಲ್ಲುತ್ತೇನೆ ಎಂದು ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ.

ಎರ್ಮೆಕ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಸರಿ, ಒರೆಸಿದ್ದಾಯ್ತಲ್ಲ. ಫಲಕ ಹಾಕಿ. ಅಪಾನ ಕರೀತೀನಿ."

"ಪರೀಕ್ಷೆ ಮಾಡಿ ಆಮೇಲೆ."

ಎರ್ಮೆಕ್‌ನ ನಗು ಆರಿತು. "ಮತ್ತೆ ಪರೀಕ್ಷೆಯಾ!"

"ಫಲಕ ತೆಗೆದು ಹಾಕಿದೀವಿ. ನೀರು ತೂತಿನೊಳಗೆ ಇಳಿದಿರಬಹುದು, ಎಂಜಲು ಇನ್ನೂ ಎಲ್ಲೋ ಅಂಟಿರಬಹುದು. ಸಮನಾದ ಚಿತ್ರ ಬಂದ ಮೇಲೇ ರೋಗಿ."

"ಯಾವುದರಲ್ಲಿ ಮಾಡ್ತೀರಿ? ಪರೀಕ್ಷೆಗೆ ಅಂತ ತರಿಸಿದ ನಿಮ್ಮ ಕೋಬಾಲ್ಟ್ ಹಲಗೆ ಚಳಿಗಾಲದಿಂದ ಸುಂಕದವರ ಹತ್ರ ಮಲಗಿದೆ. ಬೆಳಗಿನ ಪರೀಕ್ಷೆಯ ಮದ್ದುನೀರು ಚೆಲ್ಲಿಯಾಯ್ತು. ಕುದುರೆ ಬೆಳಗ್ಗೆನೇ ಬತ್ತಿತು." ಸೋಮವಾರ ರಾಜಧಾನಿಯಿಂದ ಬರುವ ಸೀಸದ ಡಬ್ಬಿಯನ್ನು ಅವರು, ಹಾಲು ಕರೆಯುವ ಹೆಣ್ಣುಕುದುರೆಗೆ ಹೋಲಿಸಿ, ಕುದುರೆ ಎನ್ನುತ್ತಿದ್ದರು. ದಿನಾ ಅದರಿಂದ ಟೆಕ್ನೀಷಿಯಂ ಹಿಂಡುತ್ತಿದ್ದರು, ಗುರುವಾರದ ಹೊತ್ತಿಗೆ ಹಾಲು ಕಡಿಮೆಯಾಗುತ್ತಿತ್ತು.

"ಒಂದು ಸೀಸೆ ಉಳಿದಿದೆ" ಎಂದಳು ಬುರುಲ್ಚಾ.

"ಅದು ಅಕಿಮರ ಅತ್ತೆಗೆ ಇಟ್ಟದ್ದು! ಆಗಲೇ ಬಂದು ಕೂತಿದಾರೆ. ಅಕಿಮರು ಅಂದ್ರೆ ಜಿಲ್ಲೆಯ ದೊರೆ, ಅವರಿಗೆ ನಾನೇನು ಹೇಳ್ಲಿ? ನಿಮ್ಮತ್ತೆಯ ಮದ್ದನ್ನ ನಮ್ಮೆಜೆ ನೀರಿಗೆ ಸುರಿದ್ರು ಅಂತ ಹೇಳ್ಲಾ?"

"ಹಾಗೇ ಹೇಳು, ಅದೇ ನಿಜ. ಅವರ ಗಂಟಲು ಸೋಮವಾರದವರೆಗೂ ಗಂಟಲಾಗೇ ಇರುತ್ತೆ. ಈ ಅಪಾಗೆ ನಾಳೆ ಒಂದೇ ದಿನ ಇರೋದು. ಸರ್ಜನ್ ಹೋದ್ರೆ ಮುಂದಿನ ತಿಂಗಳು. ಅಷ್ಟರಲ್ಲಿ ರೋಗ ಸುಮ್ಮನೆ ಕೂತಿರುತ್ತೆ ಅಂತ ನೀನು ಬರೆದುಕೊಡ್ತೀಯಾ?"

ಎರ್ಮೆಕ್ ಟೋಪಿ ಸರಿಮಾಡಿಕೊಂಡು ಅಕಿಮರ ಅತ್ತೆಯ ಬಳಿಗೆ ಹೊರಟ. ಕುರಿ ಕಳೆದುಕೊಂಡವನಂತೆ ಹೋಗುತ್ತಿದ್ದ.

ಬುರುಲ್ಚಾ "ಬಿಸ್ಮಿಲ್ಲಾ" ಎಂದು ಸೀಸೆಯ ಮದ್ದನ್ನು ಚಪ್ಪಟೆಯಾದ ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ಸೇರಿಸಿ ಕಲಕಿದಳು. ಮುಚ್ಚಳ ಬಿಗಿದರೆ ಒಳಗೆ ಗಾಳಿಗುಳ್ಳೆ. ಬಿಚ್ಚಿ ಮತ್ತೆ ಬಿಗಿದರೆ ಇನ್ನೊಂದು. ಕಿಟಕಿಯಾಚೆ ಬಿಸಿಲು ಜರುಗುತ್ತಿತ್ತು, ನಮಾಜಿನ ಹೊತ್ತೂ ಜರುಗುತ್ತಿತ್ತು. "ನಿನಗೆ ಗೊತ್ತು, ನಾನು ಸುಮ್ಮನೆ ಕೂತಿಲ್ಲ" ಎಂದು ಅವಳು ಗುಳ್ಳೆಯನ್ನು ಮೂಲೆಗೆ ತಟ್ಟುತ್ತ ದೇವರಿಗೆ ಹೇಳಿದಳು. ಕೊನೆಗೆ ತೊಟ್ಟಿಯನ್ನು ಫಲಕದ ಮೇಲಿಟ್ಟಳು. ಪರದೆ ನಿಧಾನವಾಗಿ ತುಂಬಿತು. ಒಂದೇ ಸಮ. ಎಲ್ಲೂ ಕಲೆಯಿಲ್ಲ.

"ಈಗ ಕರಿ" ಎಂದಳು ಜಿಪಾರಳಿಗೆ.

ಕಾಲಿಪಾ ಮತ್ತೆ ಮಲಗಿದಳು. ಈ ಬಾರಿ, ಮರಳಿ ಬಂದ ಎರ್ಮೆಕ್ ಸೇರಿ ಮೂವರೂ ಪರದೆಯ ಮುಂದೆ ನಿಂತರು. ಪಕ್ಕೆಲುಬುಗಳು ಬಂದವು. ಎದೆಮೂಳೆ ಬಂತು, ತಿಳಿಯಾಗಿ. ಚುಕ್ಕೆ ಇದ್ದ ಜಾಗದಲ್ಲಿ ಬರಿ ಮೂಳೆ. ಸೊಂಟ, ಬೆನ್ನು, ತೊಡೆ, ಎಲ್ಲವನ್ನೂ ತೆಗೆದರು. ಎರ್ಮೆಕ್ ಒಂದೊಂದನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಸರ್ಜನ್‌ಗೆ ಫೋನು ಮಾಡಿ, "ಮೂಳೆಗೆ ಇಳಿದಿಲ್ಲ. ನಾಳೆ ಮಾಡಿ" ಎಂದ. ಫೋನು ಇಟ್ಟವನು ಬುರುಲ್ಚಾಳ ಕಡೆ ತಿರುಗಿ, "ಅಕಿಮರ ಅತ್ತೆ ನಿಮ್ಮ ಹೆಸರು ಕೇಳಿದ್ರು ಎಜೆ. ಹೇಳಿದೀನಿ" ಎಂದ.

"ಸರಿಯಾಗಿ ಹೇಳಿದೆಯಾ? ತಪ್ಪು ಹೆಸರಿಗೆ ಬೈದ್ರೆ ಆ ಪಾಪ ನಿಂಗೆ."

ಸುದ್ದಿ ಕೇಳಿ ಕಾಲಿಪಾ ಮಂಚದ ಮೇಲೆ ಎದ್ದು ಕುಳಿತು, ಎರಡೂ ಅಂಗೈಗಳನ್ನು ಮುಖದ ಮೇಲಿಂದ ಇಳಿಸಿಕೊಂಡು ದೇವರನ್ನು ನೆನೆದಳು. ಸ್ವಲ್ಪ ಹೊತ್ತು ಅತ್ತಳು. ಜಿಪಾರ ಕೊಟ್ಟ ಕೈವಸ್ತ್ರದಲ್ಲಿ ಕಣ್ಣು ಒರೆಸಿಕೊಂಡು, ಪಕ್ಕದಲ್ಲಿದ್ದ ಕ್ಯಾಮೆರಾದ ದೊಡ್ಡ ತಲೆಯನ್ನು ಅಕ್ಕರೆಯಿಂದ ನೋಡಿದಳು.

"ಎಂಥ ಒಳ್ಳೆ ಯಂತ್ರ ಮಗಳೇ! ಮೈಯೊಳಗಿನ ಸತ್ಯ ಹೇಳುತ್ತೆ. ಯಾರ ಕಣ್ಣೂ..." ಎನ್ನುತ್ತ ಅದರ ಮುಖಕ್ಕೆ ಬಗ್ಗಿ ತುಟಿ ಮುಂದೆ ಮಾಡಿದಳು.

ಬುರುಲ್ಚಾ ಹಾರಿ ನಡುವೆ ಬಿದ್ದಳು. "ಬೇಡ ಅಪಾ! ದೇವರಾಣೆ ಬೇಡ! ಉಗುಳೋದಿದ್ರೆ ನನ್ನ ಮೇಲೆ ಉಗುಳಿ!"

ಮುದುಕಿ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಬೇಡಿಕೆ ನ್ಯಾಯವಾಗಿದೆ ಎಂದು ತೋರಿರಬೇಕು. ಸೊಟ್ಟ ಬೆರಳುಗಳಿಂದ ಅವಳ ತೋಳು ಹಿಡಿದು ಹತ್ತಿರಕ್ಕೆಳೆದುಕೊಂಡು, ಎಡ ಭುಜದ ಮೇಲೆ ತ್ಫೂ, ತ್ಫೂ, ತ್ಫೂ ಎಂದಳು.

"ನಿನಗೂ ಕಣ್ಣು ತಾಗದಿರ್ಲಿ ಮಗಳೇ. ಮನೇಲಿ ಮಾಡೋರು ಇದಾರೋ ಇಲ್ವೋ."

ಜಿಪಾರ ಎಣಿಸುವ ಯಂತ್ರ ಹಿಡಿದು ಓಡಿಬಂದಳು. "ಎಜೆ, ಅಲ್ಲಾಡ್ಬೇಡಿ! ಕೋಟು ಬಿಚ್ಚಿ, ಡಬ್ಬಿಗೆ ಹಾಕ್ಬೇಕು!"

"ಇರೇ, ಏನು ಅವಸರ" ಎಂದಳು ಬುರುಲ್ಚಾ.

ಜಿಪಾರ ಎರ್ಮೆಕ್‌ನ ಮುಖ ನೋಡಿದಳು. ಗವಸಿಲ್ಲದೆ ಬಾಗಿಲು ಮುಟ್ಟಿದವರನ್ನೂ ಬೈಯುವ ಬುರುಲ್ಚಾ ಎಜೆ ಇಂಥ ಮಾತಾಡಿದ್ದನ್ನು ಇಬ್ಬರೂ ಕೇಳಿರಲಿಲ್ಲ.

ಒಂದು ಗಳಿಗೆ ಅವಳು ಹಾಗೆಯೇ ನಿಂತಳು. ಆಮೇಲೆ ತಾನೇ ಕೋಟು ಬಿಚ್ಚಿ, ಎಡ ಭುಜ ಒಳಗಾಗುವಂತೆ ಮಡಿಸಿ, ಸೀಸದ ಡಬ್ಬಿಯೊಳಗಿಟ್ಟು ಮುಚ್ಚಿದಳು.

"ನಾಳೆ ಇದನ್ನ ಒಗೆಯೋಕೆ ಕಳಿಸ್ಲಾ?" ಎಂದು ಕೇಳಿದಳು ಜಿಪಾರ.

"ಬೇಡ. ವಿಕಿರಣ ಎರಡು ದಿನಕ್ಕೆ ತಾನಾಗೇ ಆರುತ್ತೆ. ಹಾಗೇ ಇರ್ಲಿ."

ನಮಾಜಿನ ಹೊತ್ತು ಮೀರಿ, ಮುಂದಿನ ನಮಾಜಿನ ಹೊತ್ತು ಬಂದಿತ್ತು. ಈಗ ಎರಡನ್ನೂ ಒಟ್ಟಿಗೆ ತೀರಿಸಬೇಕು. "ಒಂದು ದಿನವಾದ್ರೂ ಈ ಆಸ್ಪತ್ರೇಲಿ ಮನುಷ್ಯರು ಹೊತ್ತಿಗೆ ಸರಿಯಾಗಿ..." ಎಂದು ಗೊಣಗುತ್ತ ಅವಳು ಮತ್ತೆ ಕೈಕಾಲು ತೊಳೆಯಲು ನಲ್ಲಿಯ ಕಡೆ ನಡೆದಳು.