ನಾಲ್ಕನೆಯ ಗೂಟ

"ಏ ಕುಂಟ ಬಡ್ಡೀಮಗನೆ, ಇನ್ನೂ ಬಿದ್ಕಂಡಿದೀಯೇನ್ಲಾ? ಸ್ಮಾರಕ ಕಟ್ತಿರದು ನಿನ್ನಂಥೋರಿಗೇ ಕಣ್ಲಾ. ಎದ್ ಬಾ."

ಬೇಲಿಯಾಚೆ ನಿಂತು ಕೂಗಿದವನು ಪುರಸಭೆಯ ಮೇಸ್ತ್ರಿ ಪೊಲಿಕಾರ್ಪೊ. ಮರಗೆಣಸಿನ ಹಿಟ್ಟಿಗೆ ಚೀಸು ಹಾಕಿ ರೊಟ್ಟಿಗೆ ಕಲಸುತ್ತಿದ್ದ ಇಲಾರಿಯಾ, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು.

"ಬತ್ತಾರೆ. ಬೂಟು ಹಾಕ್ಕಳಕ್ಕೆ ಹೊತ್ತಾಯ್ತದೆ. ನಿನ್ನಂಗೆ ಹತ್ತು ಬೆರಳಿಲ್ಲ ಅವ್ರಿಗೆ."

ಕಾಲಿನ ಆ ಬೆರಳುಗಳನ್ನು ಅವಳ ಗಂಡ ಅನಿಸೆತೊ ಹತ್ತೊಂಬತ್ತನೆಯ ವಯಸ್ಸಿಗೆ, ಇಂಗ್ಲಿಷರೊಡನೆ ನಡೆದ ಮಾಲ್ವಿನಾಸ್ ದ್ವೀಪಗಳ ಯುದ್ಧದಲ್ಲಿ, ನೀರು ನಿಂತ ಗುಂಡಿಯೊಂದರಲ್ಲಿ ಚಳಿಗೆ ಮರಗಟ್ಟಿಸಿಕೊಂಡು ಕಳೆದುಕೊಂಡಿದ್ದ. ಮುಂಗೈಗಳ ಸುತ್ತ ಬಳೆಯಂತೆ ಉಳಿದಿದ್ದ ಗಾಯದ ಗುರುತು ಮಾತ್ರ ಶತ್ರು ಮಾಡಿದ್ದಲ್ಲ. ಹಸಿವು ತಾಳದೆ ಕುರಿ ಕದ್ದನೆಂದು ಅವನದೇ ಕ್ಯಾಪ್ಟನ್ ನಾಲ್ಕು ಗೂಟ ಹೊಡೆಸಿ, ಕೈಕಾಲು ಎಳೆದು ಕಟ್ಟಿಸಿ, ಹಿಮದ ಮೇಲೆ ಅಂಗಾತ ಕೆಡವಿಸಿದ್ದ. ಅದನ್ನು ಅವನು ಹೇಳಿಕೊಂಡಿದ್ದು ಇಲಾರಿಯಾಗೆ ಒಬ್ಬಳಿಗೇ. ಅವರ ಹಿತ್ತಲಲ್ಲಿ ಒಂದು ಗೂಟವೂ ಇರಲಿಲ್ಲ. ಮೇಕೆಯನ್ನು ಕಿತ್ತಳೆ ಮರಕ್ಕೆ ಕಟ್ಟುತ್ತಿದ್ದರು.

ಎಂಟು ವರ್ಷದ ಸುನಿಲ್ದಾ ಅಪ್ಪನ ಮುಂಗೈಯ ಗುರುತಿನ ಮೇಲೆ ಬೆರಳಾಡಿಸಿ, ಏನೋ ಕೇಳಲು ಬಾಯಿ ತೆರೆಯುತ್ತಿದ್ದಳು. ಆಗೆಲ್ಲ ಇಲಾರಿಯಾ ಆ ಬಾಯಿಗೆ ಒಂದು ತುಂಡು ರೊಟ್ಟಿ ಇಡುತ್ತಿದ್ದಳು.

ರೊಟ್ಟಿ ಬೆಂದ ಮೇಲೆ ಬುಟ್ಟಿ ಹೊತ್ತು, ಮಗಳ ಕೈ ಹಿಡಿದು ಅವಳೂ ಚೌಕಕ್ಕೆ ಹೋದಳು. ಛತ್ರಿಯ ನೆರಳಲ್ಲಿ ಕೂತು ಬೆಳ್ಳಿ ಕೊಳವೆಯಲ್ಲಿ ಸೊಪ್ಪಿನ ಕಷಾಯ ಹೀರುತ್ತಿದ್ದವನು ಅದೇ ಕ್ಯಾಪ್ಟನ್ ಉರ್ದಾನಿಸ್. ಈಗ ಊರಿನ ಅರ್ಧ ಹುಲ್ಲುಗಾವಲಿನ ಧಣಿ. ಪಕ್ಕದಲ್ಲಿ ಪಾದ್ರಿ. ಎದುರಿಗೆ ಒರಗಿಸಿದ್ದ ಅಮೃತಶಿಲೆಯ ಮೇಲೆ ಕ್ಯಾಪ್ಟನ್ನನ ಹೆಸರು, ಅದರಡಿಗೆ 'ತನ್ನ ಸೈನಿಕರ ತಂದೆ'. ಅದಕ್ಕೂ ಕೆಳಗೆ, ಸಣ್ಣಕ್ಷರದಲ್ಲಿ, 'ಮತ್ತು ಅವನ ಹುಡುಗರು'. ಹುಡುಗರಿಗೆ ಹೆಸರಿರಲಿಲ್ಲ.

ಸ್ಮಾರಕದ ಕಂಬದ ಪಾಯಕ್ಕೆ ಗುರುತು ಹಾಕುವುದು ಅನಿಸೆತೊನ ಕೆಲಸ. ನಾಲ್ಕು ಮೂಲೆಗೆ ನಾಲ್ಕು ಗೂಟ, ಸುತ್ತ ದಾರ. ಅಗಲವೂ ಉದ್ದವೂ ಒಂದೊಂದು ಆಳಿನಷ್ಟು. ಅವನು ಮೂರು ಹೊಡೆದು ನಿಂತ.

"ಯಾಕೆ, ಗೂಟ ಹೊಡೆಯೋಕೂ ಬರಲ್ವೇನೋ?" ಎಂದ ಕ್ಯಾಪ್ಟನ್. "ಇವನು ನಮ್ಮ ಹುಡುಗನೇ ಫಾದರ್. ಹೆಸರು ಮರೆತೆ. ಕುರಿಕಳ್ಳ."

ಪಾದ್ರಿ ನಕ್ಕ. ಪೊಲಿಕಾರ್ಪೊ ಇನ್ನೂ ಜೋರಾಗಿ ನಕ್ಕ.

"ಇದೊಂದ ನೀವೇ ಹೊಡೀರಿ ಧಣಿ," ಎಂದ ಅನಿಸೆತೊ. "ಗೂಟದ ಕೆಲ್ಸ ನಿಮಗೇ ಚೆನ್ನಾಗ್ ಗೊತ್ತು."

"ಬಾಯ್ ಮುಚ್ಕಂಡು ಹೊಡೀಲಾ, ನಾಯಿ," ಎಂದು ಪೊಲಿಕಾರ್ಪೊ ಗದರಿದ.

ಅನಿಸೆತೊ ನಾಲ್ಕನೆಯದನ್ನೂ ಹೊಡೆದ. ದಾರ ಕಟ್ಟಲಿಲ್ಲ. ಸುತ್ತಿಗೆ ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಗೂಟಗಳ ನಡುವೆ ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿದ. ಎರಡು ಕೈಗೆ ಎರಡು ಗೂಟ, ಎರಡು ಕಾಲಿಗೆ ಎರಡು.

"ಅಳ್ತೆ ಸರಿಯಾಗೈತಾ ನೋಡಿ ಧಣಿ. ಆವತ್ತು ಇನ್ನೊಂಚೂರು ಬಿಗಿ ಇತ್ತು."

"ಕುಡಿದಿದಾನೆ. ಎಳೆದು ಆಚೆ ಹಾಕ್ರೋ," ಎಂದ ಕ್ಯಾಪ್ಟನ್. ಕೊಳವೆ ಅವನ ತುಟಿಯಿಂದ ಜಾರಿತ್ತು. ಗಾರೆ ಕಲಸುತ್ತಿದ್ದವರು ಗುದ್ದಲಿ ಊರಿ ನಿಂತರು. ಯಾರೂ ಅಲುಗಲಿಲ್ಲ.

ಸುನಿಲ್ದಾ ಗೂಟಗಳನ್ನು ನೋಡಿದಳು, ಅಪ್ಪನ ಮುಂಗೈ ನೋಡಿದಳು. ಕ್ಯಾಪ್ಟನ್ನನ ಕಡೆ ತಿರುಗಿ ಬಾಯಿ ತೆರೆದಳು. ಇಲಾರಿಯಾಳ ಕೈ ಬುಟ್ಟಿಯೊಳಗೆ ರೊಟ್ಟಿಯ ಮೇಲಿತ್ತು. ಈ ಸಲ ಅದನ್ನು ಎತ್ತಲಿಲ್ಲ.

"ನಮ್ಮಪ್ಪನ್ನ ಕಟ್ಟಾಕಿದ್ದು ನೀನೇನಾ?"