ಅರಿಯಲೂರಿನ ಮಣ್ಣು

ಆಂಜಿನಯ್ಯ ಅರಿಯಲೂರನ್ನು ಕಣ್ಣಾರೆ ನೋಡಿದವನಲ್ಲ. ಆದರೆ ಆ ಊರಿನ ಮಣ್ಣನ್ನು ಅವನಷ್ಟು ತೊಳೆದವರು ಬೆಂಗಳೂರಿನಲ್ಲಿ ಇನ್ನೊಬ್ಬರಿಲ್ಲ.

ಶೇಷಾದ್ರಿಪುರಂನ ಕಾಲೇಜೊಂದರ ಭೂವಿಜ್ಞಾನ ವಿಭಾಗದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು. ಪ್ರತಿ ಡಿಸೆಂಬರಿನಲ್ಲಿ ಮೇಷ್ಟ್ರು, ವಿದ್ಯಾರ್ಥಿಗಳು ಬಸ್ಸು ಹತ್ತಿ ತಮಿಳುನಾಡಿನ ಆ ಊರಿಗೆ ಹೋಗಿ, ಸುಣ್ಣಕಲ್ಲಿನ ಪದರಗಳಿಂದ ಪಳೆಯುಳಿಕೆಗಳನ್ನು ಕಿತ್ತು ತರುತ್ತಿದ್ದರು. ಸುತ್ತಿಗೆ, ಉಳಿ, ಹಳೇ ಪೇಪರು ಕಟ್ಟಿಕೊಡುವುದು ಅವನ ಕೆಲಸ. ಬಂದ ಕಲ್ಲುಗಳನ್ನು ತೊಳೆಯುವುದೂ ಅವನದೇ. ಮೊದಲ ವರ್ಷ ಶ್ರದ್ಧೆ ಹೆಚ್ಚಾಗಿ, ಕಲ್ಲಿನ ಮೇಲೆ ಬರೆದಿದ್ದ ಪದರದ ನಂಬರನ್ನೂ ಉಜ್ಜಿ ಅಳಿಸಿಬಿಟ್ಟಿದ್ದ. "ಯಾವ ಪದರದ್ದು ಅಂತ ಗೊತ್ತಿಲ್ದಿದ್ರೆ ಇದು ಬರೀ ಕಲ್ಲು ಕಣಯ್ಯ," ಎಂದು ದೊರೆಸ್ವಾಮಿ ಮೇಷ್ಟ್ರು ತಲೆ ಚಚ್ಚಿಕೊಂಡಿದ್ದರು.

ಅಂದಿನಿಂದ ಅವನಿಗೆ ಕಲ್ಲಿಗಿಂತ ಪದರದ ಹುಚ್ಚು ಹಿಡಿಯಿತು. ಸುರುಳಿ ಚಿಪ್ಪಿನ ಜೀವಿಯೊಂದು ಸತ್ತು, ಅದರ ಮೇಲೆ ಕೆಸರು ಕೂತು, ಕೆಸರಿನ ಮೇಲೆ ಕೆಸರು ಕೂತು, ಸಮುದ್ರವೇ ಎದ್ದು ಹೋದರೂ ಅದು ಮಲಗಿದಲ್ಲೇ ಮಲಗಿದೆಯಲ್ಲ, ಅದನ್ನು ಅಲ್ಲೇ, ಯಾರೂ ಕೀಳುವ ಮುಂಚೆ, ಒಮ್ಮೆ ನೋಡಬೇಕು. ಇಷ್ಟೇ ಆಸೆ. ಬೆಂಗಳೂರಿನ ಬಂಡೆಗಳು ಅದಕ್ಕಿಂತ ಎಷ್ಟೋ ಹಳೆಯವು. ಅವುಗಳಲ್ಲಿ ಹುಡುಕಿದರೂ ಒಂದು ಚಿಪ್ಪಿನ ಗುರುತು ಸಿಗದು.

ರಿಟೈರಾಗಿ ನಾಲ್ಕು ವರ್ಷವಾದರೂ ಸಾಮಾನು ಕಟ್ಟಲು ಈ ಸಲವೂ ಕರೆ ಬಂತು. ಈಗ ಅಲ್ಲಿ ಪಾಠ ಮಾಡುವ ಮೋನಿಷಾ ಅವನ ಕಣ್ಣೆದುರೇ ಓದಿದವಳು. ಯಾವುದಕ್ಕೂ ಇರಲಿ ಎಂದು ಆಂಜಿನಯ್ಯ ಒಂದು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡೇ ಹೋದ. ಬಸ್ಸಿನಲ್ಲಿ ಎರಡು ಸೀಟು ಖಾಲಿ ಇದ್ದವು. ಅವನು ಚೀಲವನ್ನು ಹೆಗಲಿಗೇರಿಸಿಕೊಂಡ.

"ಆಂಜಿನಯ್ಯಣ್ಣ, ಪೆಟ್ಟಿಗೆ ಆ ಸೀಟ್ ಮೇಲೇ ಇಟ್ಬಿಡಿ," ಅಂದಳು ಮೋನಿಷಾ. "ಸೋಮವಾರ ಬನ್ನಿ, ತೊಳೆಯೋದಿರುತ್ತೆ."

ಇಟ್ಟ. ಬಸ್ಸು ಹೊರಟಿತು. ಪಾಪ, ಆ ಹುಡುಗಿಯ ಮನಸ್ಸು ಕೆಟ್ಟದ್ದಲ್ಲ. ಅವಳಿಗೆ ಹೊಳೆಯಲಿಲ್ಲ, ಅಷ್ಟೇ. ಹೊಳೆಯದೇ ಹೋದದ್ದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಸಂಪಿಗೆ ರಸ್ತೆಯ ಹಿಂದಿನ ಮನೆಗೆ ನಡೆದು ಬಂದಾಗ ಹೆಂಡತಿ ಶಕುಂತಲಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಚೀಲ ನೋಡಿದಳು, ಅವಳಿಗೆ ಎಲ್ಲ ಅರ್ಥವಾಯಿತು.

"ಆ ಊರಿಗೆ ರೈಲಿಲ್ವಾ?"

"ಇದೆ. ತಿರುಚ್ಚೀಲಿ ಇಳಿದು ಬೇರೆ ಹತ್ಬೇಕು."

"ಸ್ಟೇಷನ್ನು ನಿಮ್ಮ ಕಾಲೇಜಿನ ಹತ್ರಾನೇ ಇತ್ತಲ್ರೀ. ಇಷ್ಟು ವರ್ಷ ಯಾಕೆ ಹತ್ಲಿಲ್ಲ?"

ಆಂಜಿನಯ್ಯ ಚೀಲ ಕೆಳಗಿಟ್ಟ. ಗೋಡೆಗೆ ಒರಗಿ ಕೂತ. "ನೀವೂ ಬನ್ನಿ ಅಂತ ಯಾರಾದ್ರೂ ಒಂದ್ಸಲ ಕರೀಲಿ ಅಂತಿದ್ದೆ ಕಣೇ," ಅಂದ.

ಶಕುಂತಲಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು," ಅಂದಳು. "ನೀವು ನನ್ನ ಎಲ್ಲಿಗೆ ಕರೆದ್ರಿ?" ದನಿಯಲ್ಲಿ ಸಿಟ್ಟಿರಲಿಲ್ಲ.

ಆಂಜಿನಯ್ಯ ಅವಳನ್ನೇ ನೋಡಿದ. ಇಷ್ಟು ಕಾಲ ತನ್ನ ಕಿವಿ ಕಾದಿದ್ದ ಮಾತನ್ನು ಇನ್ನೊಬ್ಬರಿಗೆ ಆಡುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

"ನೀನೂ ಬಾರೇ," ಅಂದ.